ಕಲ್ಲಿಗೆ ಸಿಕ್ಕಿದ್ದು, ಡೆಲ್ವಿನ್‌ಗೆ ಸಿಗದ್ದು

ಡೆಲ್ವಿನ್ ಲಿಂಡ್ನರ್ ಕೆಟ್ಟ ಹೆಂಗಸಲ್ಲ. ನಮ್ಮ ಯರ್ರಿಕದಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ, ಬಾಗಿಲ ಬಳಿ ಬಿಸಿ ಅಡುಗೆ ಇಟ್ಟು, ಮಾತಾಡದೆ ಬರುವವಳು ಅವಳೇ. ಆದರೆ ಕಲ್ಲಿ ಎಂಬ ಹುಡುಗಿ ನಮ್ಮೂರಿಗೆ ಬಂದ ಆ ವರ್ಷ ಅವಳು ಹೊಟ್ಟೆಕಿಚ್ಚಿನಲ್ಲಿ ಬೆಂದುಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡುವುದೇನು, ಅವಳೇ ನನ್ನ ಔಷಧದ ಅಂಗಡಿಗೆ ಬಂದು ಕೌಂಟರಿನ ಮೇಲೆ ಮೊಣಕೈ ಊರಿ ಎಲ್ಲವನ್ನೂ ಹೇಳುತ್ತಿದ್ದಳು. ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅವಳಿಗೆ ಬಾರದು.

ನಮ್ಮದು ಗೋಧಿ, ಕುರಿಗಳ ಊರು. ಅಡಿಲೇಡಿಗೆ ಹೋಗಬೇಕೆಂದರೆ ಒಂದು ಇಡೀ ಹಗಲು ಕಾರು ಓಡಿಸಬೇಕು. ಇರುವ ಆಸ್ಪತ್ರೆ ಸಣ್ಣದು, ಅದರ ಹಿಂದೆಯೇ ವಯಸ್ಸಾದವರ ವಾರ್ಡು. ಡೆಲ್ವಿನ್ ಆ ವಾರ್ಡಿನಲ್ಲಿ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವ, ಉಣಿಸುವ, ತಲೆ ಬಾಚುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದಳು. ಅವಳು ನರ್ಸ್ ಅಲ್ಲ. ಆಗಬೇಕೆಂದು ಹೊರಟಿದ್ದವಳು.

ಹದಿನೆಂಟರ ಹರೆಯದಲ್ಲಿ ಅವಳಿಗೆ ಅಡಿಲೇಡಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ರೈಲು ಹಳಿಯ ಪಕ್ಕದ ಮನೆಯೊಂದರ ಹಿತ್ತಲ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಬೆಳಗಿನ ಜಾವ ಬೇಕರಿಯ ಟ್ರೇ ತೊಳೆದು ತರಗತಿಗೆ ಓಡುವುದು, ಅಲ್ಲಿ ಕೂತಲ್ಲೇ ತೂಕಡಿಸುವುದು. ಪಟ್ಟಣದಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಚಳಿಗಾಲ ಮುಗಿಯುವುದಕ್ಕೆ ಮೊದಲೇ ಪೆಟ್ಟಿಗೆ ಕಟ್ಟಿಕೊಂಡು ವಾಪಸ್ಸಾದಳು. ಬಸ್ಸಿನ ಹತ್ತಿರ ಬಂದಿದ್ದ ಅಪ್ಪ ಪೆಟ್ಟಿಗೆ ಇಸಿದುಕೊಂಡು, ಉಣ್ಣೆ ಕತ್ತರಿಸುವ ಕಾಲಕ್ಕೆ ಸರಿಯಾಗಿ ಬಂದೆ ಎಂದರಂತೆ. ಯಾಕೆ ಬಂದೆ ಎಂದು ಅವರೂ ಕೇಳಲಿಲ್ಲ, ಊರೂ ಕೇಳಲಿಲ್ಲ. ಆಮೇಲೆ ಗೋಧಿ ಗೋದಾಮಿನಲ್ಲಿ ಕೆಲಸಕ್ಕಿದ್ದ ಕ್ಲೆಮ್ ಲಿಂಡ್ನರನನ್ನು ಮದುವೆಯಾದಳು, ಟ್ಯಾಮ್ಸಿನ್ ಎಂಬ ಮಗಳು ಹುಟ್ಟಿದಳು, ದಿನಗಳು ಸರಿದವು.

ಹೀಗಿರುವಾಗ ವಿಶ್ವವಿದ್ಯಾಲಯದವರು ನಮ್ಮೂರಿನ ಹಳೆಯ ಬ್ಯಾಂಕ್ ಮ್ಯಾನೇಜರನ ಮನೆಯನ್ನು ಕೊಂಡು ದುರಸ್ತಿ ಮಾಡಿಸಿದರು. ನರ್ಸಿಂಗ್ ಓದುವ ಪಟ್ಟಣದ ಮಕ್ಕಳು ಕೊನೆಯ ವರ್ಷ ಪೂರ್ತಿ ಇಲ್ಲೇ ಇದ್ದು ನಮ್ಮ ಆಸ್ಪತ್ರೆಯಲ್ಲಿ ಕೆಲಸ ಕಲಿಯಬೇಕು, ಹಾಗಾದರೂ ಅವರಲ್ಲಿ ಒಬ್ಬಿಬ್ಬರು ಮುಂದೆ ಹಳ್ಳಿಯಲ್ಲಿ ಉಳಿದಾರು ಎಂಬ ಆಸೆ ಅವರದು. ಆ ಮನೆಯನ್ನು ನೋಡಿಕೊಳ್ಳಲು, ಬಂದವರಿಗೆ ಬೇಕು ಬೇಡ ವಿಚಾರಿಸಲು ಊರಿನವರೇ ಒಬ್ಬರು ಬೇಕಿತ್ತು. ಡೆಲ್ವಿನ್‌ಳನ್ನು ಕೇಳಿದರು. ಕೈಗೆ ಇನ್ನಷ್ಟು ಸಂಬಳ ಬರುತ್ತದೆಂದು ಒಪ್ಪಿಕೊಂಡಳು.

ಮೊದಲ ಸಲ ಆ ಮನೆಯ ಹಾಸಿಗೆ ಹಾಸಿ ಬಂದ ದಿನ ಅವಳ ಮುಖ ಕೆಂಪಗಾಗಿತ್ತು.

"ಬಾಡಿಗೆ ಇಲ್ಲ. ಕರೆಂಟು, ಇಂಟರ್ನೆಟ್ಟು ಎಲ್ಲಾ ಅವ್ರದ್ದೇ," ಎಂದಳು. "ಮನೆಗೆ ಹೋಗಿ ಬರೋಕೆ ಪೆಟ್ರೋಲಿಗೂ ಕೊಡ್ತಾರೆ. ಹೊಸಾ ಬೆಡ್‌ಶೀಟು ಸುಮಾ, ಇನ್ನೂ ಮಡಿಕೆ ಬಿಚ್ಚಿರ್ಲಿಲ್ಲ. ಬೇಜಾರಾದ್ರೆ ಮಾತಾಡೋಕೆ ಅಂತ ಫೋನಲ್ಲಿ ಒಬ್ಬಳು ಇರ್ತಾಳೆ, ಅವಳಿಗೆ ಸಂಬಳ ಬೇರೆ. ನಂಗೆ ಬೇಜಾರಾದಾಗ ಯಾರಿದ್ರು ಗೊತ್ತಾ? ಕುರಿ."

ನಾನು ನಕ್ಕೆ. ಅವಳು ನಗಲಿಲ್ಲ.

ಆ ವರ್ಷ ಬಂದ ಒಬ್ಬಳೇ ಹುಡುಗಿಯ ಹೆಸರು ಕಲ್ಲಿಯೋಪಿ ಮಾವ್ರೋಸ್. ಗ್ರೀಕರ ಮನೆತನ. ಅಪ್ಪ ಅಮ್ಮ ಅಡಿಲೇಡಿನಲ್ಲಿ ಕರಿದ ಮೀನು, ಆಲೂಗಡ್ಡೆ ಮಾರುವ ಅಂಗಡಿ ಇಟ್ಟಿದ್ದರು. ಎಲ್ಲರೂ ಅವಳನ್ನು ಕಲ್ಲಿ ಎನ್ನುತ್ತಿದ್ದರು. ನನ್ನ ಕನ್ನಡದ ಕಿವಿಗೆ ಅದು ಮೊದಮೊದಲು 'ಕಳ್ಳಿ' ಎಂದೇ ಬೀಳುತ್ತಿತ್ತು. ಡೆಲ್ವಿನ್‌ಗೆ ಆ ಪದದ ಅರ್ಥ ಹೇಳಿದಾಗ ಅವಳು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿ, ಬಹಳ ದಿನದ ಮೇಲೆ ಖುಷಿಯಾಗಿ ಮನೆಗೆ ಹೋದಳು.

ಹುಡುಗಿ ಕಪಟ ಅರಿಯದವಳು. ಕಂಡವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಊರೂ ಹಾಗೆಯೇ ಅವಳ ಮೇಲೆ ಮುಗಿಬಿತ್ತು. ಒಬ್ಬರು ಕ್ವಾಂಡಾಂಗ್ ಹಣ್ಣಿನ ಜಾಮ್ ಕೊಟ್ಟರು, ಇನ್ನೊಬ್ಬರು ಮೊಟ್ಟೆ ತಂದಿಟ್ಟರು. ಪಬ್ಬಿನವನು ಗುರುವಾರದ ಊಟಕ್ಕೆ ಅವಳಿಂದ ಕಾಸು ಮುಟ್ಟುವುದಿಲ್ಲ ಎಂದ. ಕ್ಲೆಮ್ ಅವಳ ಕಾರಿನ ಟಯರು ನೋಡಿ, ಎಣ್ಣೆ ನೋಡಿ, ಮುಸ್ಸಂಜೆಗೆ ಕಾಂಗರೂ ಅಡ್ಡ ಬಂದರೆ ಸ್ಟೇರಿಂಗ್ ತಿರುಗಿಸಬೇಡ, ಬ್ರೇಕ್ ಹಿಡಿ ಎಂದು ಅಂಗಳದಲ್ಲೇ ನಿಂತು ಪಾಠ ಹೇಳಿದ. ಡೆಲ್ವಿನ್‌ಳ ಕಾರಿನ ಹಿಂದಿನ ದೀಪ ಕೆಟ್ಟು ಎಷ್ಟು ಕಾಲವಾಗಿತ್ತೋ, ಅವನಿಗೆ ಅದು ಕಂಡಿರಲಿಲ್ಲ.

ನೆಟ್‌ಬಾಲ್ ತಂಡದಲ್ಲಿ ಡೆಲ್ವಿನ್ ಮದುವೆಗೆ ಮುಂಚಿನಿಂದಲೂ ಗೋಲು ಕಾಯುತ್ತಿದ್ದಳು. ತರಬೇತಿ ಕೊಡುವ ಮಾರ್ಲೀನ್ ರಾಶ್ ಅವಳ ಬಾಲ್ಯದ ಗೆಳತಿ. ಆ ಮಾರ್ಲೀನಳೇ ಒಂದು ಶನಿವಾರ, ಡೆಲ್, ನಿನ್ನ ಮಂಡಿಗೂ ವಿಶ್ರಾಂತಿ ಬೇಕು, ಈ ವಾರ ಹುಡುಗಿ ಆಡಲಿ ಎಂದಳು. ಹುಡುಗಿ ಚೆನ್ನಾಗಿಯೇ ಆಡಿದಳು. ಮುಂದಿನ ವಾರವೂ ಅವಳೇ ಆಡಿದಳು. ಡೆಲ್ವಿನ್ ಬೆಂಚಿನ ಮೇಲೆ ಕೂತು ಆಡುವವರಿಗೆ ಕಿತ್ತಳೆ ಹೋಳು ಮಾಡಿದಳು.

ಅದನ್ನೂ ನುಂಗಿಕೊಂಡಾಳು. ನುಂಗಲಾರದ್ದು ಹಿಲ್ಡಾ ಅಜ್ಜಿಯ ಮಾತು. ವಾರ್ಡಿನಲ್ಲಿ ಹಿಲ್ಡಾ ಅಜ್ಜಿಯ ತಲೆ ಬಾಚುವುದು ಡೆಲ್ವಿನ್‌ಳ ಹಕ್ಕು. ಅಜ್ಜಿ ಬೇರೆ ಯಾರಿಗೂ ತಲೆ ಮುಟ್ಟಗೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಹೋದರೆ, ಅಜ್ಜಿ ಅವಳ ಕೈ ಸರಿಸಿ, "ಆ ಮಗು ಬಾಚ್ಲಿ ಬಿಡು, ಅವಳ ಕೈ ಬೆಚ್ಚಗಿರತ್ತೆ," ಅಂದಳಂತೆ. ಇದನ್ನು ಹೇಳುವಾಗ ಡೆಲ್ವಿನ್ ತನ್ನ ಎರಡೂ ಅಂಗೈಗಳನ್ನು ನನ್ನ ಕೌಂಟರಿನ ಮೇಲೆ ಅಂಗಾತ ಇಟ್ಟು ನೋಡಿದಳು. ನಾನು ಮುಟ್ಟಿ ನೋಡಿದೆ. ತಣ್ಣಗೇ ಇದ್ದವು.

ಇನ್ನು ಮನೆಯಲ್ಲಿ ಟ್ಯಾಮ್ಸಿನ್. ಶಾಲೆಯ ಕೊನೆಯ ವರ್ಷ. ಅವಳು ಕಲ್ಲಿಯಂತೆ ಕೂದಲು ಕಟ್ಟಲು ಶುರುಮಾಡಿದಳು, ಕಲ್ಲಿಯಂತೆ ಕಾಫಿ ಕುಡಿಯಲು ಶುರುಮಾಡಿದಳು. ಊಟಕ್ಕೆ ಕೂತರೆ ಕಲ್ಲಿ ಹೀಗಂದಳು, ಕಲ್ಲಿ ಹಾಗಂದಳು. ಒಂದು ಸಂಜೆ, ನಾನೂ ನರ್ಸಿಂಗ್ ಓದುತ್ತೇನೆ ಎಂದು ಹೇಳಿಬಿಟ್ಟಳು. ಅವಳು ಇದನ್ನು ಮೊದಲು ಕಲ್ಲಿಗೆ ಹೇಳಿ, ಆಮೇಲೆ ಅಮ್ಮನಿಗೆ ಹೇಳಿದ್ದಳು.

ಚಳಿಗಾಲ ಬಂತು. ನಮ್ಮ ಕಡೆ ಹಗಲು ಬಿಸಿಲಿದ್ದರೂ ರಾತ್ರಿಯಾದರೆ ನೆಲವೆಲ್ಲ ಮಂಜುಗಟ್ಟುತ್ತದೆ. ಮನೆಗಳಲ್ಲಿ ಕಬ್ಬಿಣದ ಒಲೆಗೆ ಮ್ಯಾಲಿ ಮರದ ಬೇರು ಹಾಕುತ್ತೇವೆ. ಕಲ್ಲಿನಷ್ಟು ಗಟ್ಟಿ ಸೌದೆ ಅದು, ಒಮ್ಮೆ ಹತ್ತಿದರೆ ಬೆಳಗಿನವರೆಗೂ ಕೆಂಡ ಆರುವುದಿಲ್ಲ. ವಿದ್ಯಾರ್ಥಿಗಳ ಮನೆಗೆ ಸೌದೆ ತರಿಸಿ ಹಾಕಿಸುವುದು ಡೆಲ್ವಿನ್‌ಳ ಕೆಲಸ. ಕ್ಲೆಮ್‌ಗೆ ಒಂದು ಮಾತು ಹೇಳಿದ್ದರೆ ಲಾರಿಯಲ್ಲಿ ತಂದು ಸುರಿದುಬಿಡುತ್ತಿದ್ದ. ಅವಳು ಹೇಳಲಿಲ್ಲ. ಸೌದೆ ಮುಗಿಯುತ್ತ ಬಂತು ಎಂದು ಕಲ್ಲಿ ಒಂದು ಸಲ ನೆನಪಿಸಿದಾಗ, ನೋಡೋಣ, ಈಗ ಎಲ್ಲರಿಗೂ ಬಿತ್ತನೆಯ ಕೆಲಸ ಎಂದಳು. ಹುಡುಗಿ ಮತ್ತೆ ಕೇಳಲಿಲ್ಲ. ಕೋಟು ಹಾಕಿಕೊಂಡೇ ಮಲಗುತ್ತಿದ್ದಳಂತೆ.

ಆದರೆ ಹೊಟ್ಟೆಕಿಚ್ಚಿನ ಲೆಕ್ಕ ಯಾವಾಗಲೂ ತಪ್ಪುತ್ತದೆ. ಒಂದು ಸಂಜೆ ಟ್ಯಾಮ್ಸಿನ್ ಆ ಮನೆಗೆ ಹೋದವಳು, ಕಲ್ಲಿಯ ಮೂಗು ಕೆಂಪಾಗಿರುವುದನ್ನು ಕಂಡು, ಅವಳ ದಿಂಬು ಸಮೇತ ಕರೆದುಕೊಂಡು ಬಂದಳು. ಡೆಲ್ವಿನ್ ಬಾಗಿಲು ತೆರೆದರೆ ಎದುರಿಗೆ ಕಲ್ಲಿ. ಬಾ ಎನ್ನದೆ ವಿಧಿಯಿರಲಿಲ್ಲ.

ಹೀಗೆ ಯಾರನ್ನು ಹೊರಗಿಡಬೇಕೆಂದಿದ್ದಳೋ ಅವಳೇ ಬಂದು ಅಡುಗೆಮನೆಯಲ್ಲಿ ನಿಂತಳು. ಅನ್ನ ಹಾಕಿದವರ ಋಣ ಇಟ್ಟುಕೊಳ್ಳಬಾರದೆಂದು ಮರುದಿನ ಕಲ್ಲಿಯೇ ಅಡುಗೆ ಮಾಡಿದಳು. ಕೋಳಿಯ ರಸಕ್ಕೆ ಮೊಟ್ಟೆ ಕದಡಿ ನಿಂಬೆ ಹಿಂಡಿದ ಗ್ರೀಕರ ಸೂಪು. ಕುರಿಮಾಂಸದ ತುಂಡು, ಬೇಯಿಸಿದ ಬಟಾಣಿ ಬಿಟ್ಟು ಬೇರೇನನ್ನೂ ಊಟವೆಂದು ಒಪ್ಪದ ಕ್ಲೆಮ್ ಬಟ್ಟಲು ಬರಿದು ಮಾಡಿ, ಇನ್ನೂ ಇದೆಯಾ ಎಂದು ಕೇಳಿದ.

"ಮದ್ವೆ ಆದಾಗಿಂದ ನನ್ನ ಅಡುಗೆಗೆ ಆ ಮಾತು ಕೇಳಿಲ್ಲ ಅವನು," ಎಂದಳು ಡೆಲ್ವಿನ್ ನನ್ನ ಬಳಿ. "ನಿಂಬೆಹಣ್ಣು ನನ್ನ ಗಿಡದ್ದು. ಅದನ್ನ ಯಾರೂ ಹೇಳ್ಲಿಲ್ಲ."

ಆ ವಾರವೇ ಕ್ಲೆಮ್ ಹೆಂಡತಿಯನ್ನು ಷೆಡ್ಡಿನ ಹತ್ತಿರ ನಿಲ್ಲಿಸಿ, ಆ ಮನೆಗೆ ಸೌದೆ ಬೇಕೆಂದು ತನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಮರ್ತೋಯ್ತು," ಎಂದಳು.

"ಡೆಲ್, ಹಿಲ್ಡಾ ಅಜ್ಜಿ ಬೆಕ್ಕು ಹುಟ್ಟಿದ ದಿನಾನೂ ನೀನು ಮರೆಯಲ್ಲ."

ಅಷ್ಟೇ ಹೇಳಿ ಅವನು ಲಾರಿ ತೆಗೆದುಕೊಂಡು ಹೋದ. ಕತ್ತಲಾಗುವುದರೊಳಗೆ ಆ ಮನೆಯ ಗೋಡೆಯುದ್ದಕ್ಕೂ ಬೇರಿನ ರಾಶಿ ಬಿದ್ದಿತ್ತು. ಕಲ್ಲಿ ತನ್ನ ದಿಂಬು ಎತ್ತಿಕೊಂಡು ಥ್ಯಾಂಕ್ಸ್ ಹೇಳಿ ಹೋದಳು. ಡೆಲ್ವಿನ್‌ಗೆ ನೆಮ್ಮದಿಯಾಯಿತೇ ಎಂದರೆ ಅದೂ ಇಲ್ಲ. ಈಗ ಟ್ಯಾಮ್ಸಿನ್ ಓದುವ ನೆಪದಲ್ಲಿ ದಿನವೂ ಅಲ್ಲಿಗೇ ಹೋಗಿ ಕೂರತೊಡಗಿದಳು. ಅಲ್ಲಿ ಬೆಚ್ಚಗಿತ್ತು.

ರೆಕ್ಸ್ ರಾಶ್ ಸತ್ತದ್ದು ಫುಟ್‌ಬಾಲ್ ಋತುವಿನ ಕೊನೆಯ ಪಂದ್ಯದ ದಿನ. ನೆಟ್‌ಬಾಲ್ ಕಲಿಸುವ ಮಾರ್ಲೀನಳ ಗಂಡ ಅವನು. ಮೈದಾನದ ಬೇಲಿಯ ಆಚೆ ಸಾಸೇಜು ಸುಡುತ್ತ ನಿಂತಿದ್ದವನು ಇಕ್ಕಳ ಹಿಡಿದೇ ಕುಸಿದ. ಕಲ್ಲಿ ಪಕ್ಕದ ನೆಟ್‌ಬಾಲ್ ಅಂಗಳದಿಂದ ಓಡಿ ಬಂದು, ಆಟದ ಉಡುಪಿನಲ್ಲೇ ಮಂಡಿಯೂರಿ ಎದೆ ಒತ್ತತೊಡಗಿದಳು. ಆಂಬುಲೆನ್ಸಿನಲ್ಲೂ ಒತ್ತಿದಳು, ಆಸ್ಪತ್ರೆಯಲ್ಲೂ ಸರದಿಯ ಮೇಲೆ ಒತ್ತಿದಳು. ದೂರದ ಊರುಗಳ ತುರ್ತಿಗೆ ಹಾರಿ ಬರುವ ವೈದ್ಯರ ವಿಮಾನ ಬಂದು ಇಳಿಯಿತು. ಬಂದವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಅವನು ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ, ಅವನ ಹೃದಯ ನಿಂತುಹೋಗಿತ್ತು.

ವಿಶ್ವವಿದ್ಯಾಲಯದಿಂದ ಅದೇ ಸಂಜೆ ಕಲ್ಲಿಗೆ ಫೋನು ಬಂತು. ಬೇಕಾದಷ್ಟು ರಜೆ ತೆಗೆದುಕೋ ಎಂದರು, ಸಮಾಧಾನ ಹೇಳುವ ಹೆಂಗಸು ದಿನಾ ಮಾತಾಡಿದಳು. ಡೆಲ್ವಿನ್ ಆ ಸೋಮವಾರ ನನ್ನ ಅಂಗಡಿಗೆ ಬಂದಳು.

"ಅವಳಿಗೆ ಫೋನ್ ಬಂತು," ಎಂದಳು. "ರೆಕ್ಸ್ ಮೈ ತೊಳೆದವಳು ನಾನು. ಶಾಲೇಲಿ ನನ್ನ ಪಕ್ಕ ಕೂತಿದ್ದ ಕಣೇ ಅವನು. ನಂಗೆ ಯಾರೂ ಫೋನ್ ಮಾಡ್ಲಿಲ್ಲ."

ನಾನು ಅಂಗಡಿಯ ಬಾಗಿಲು ಹಾಕಿ ಅವಳಿಗೆ ಚಹಾ ಮಾಡಿಕೊಟ್ಟೆ. ಕುಡಿದಳು. ನನ್ನ ಚಹಾ ತೀರ ಸಿಹಿ ಎಂದಳು.

ರೆಕ್ಸನನ್ನು ಮಣ್ಣು ಮಾಡಿದ ಮೇಲೆ ಕಲ್ಲಿ ಒಂದು ದಿನ ದಿನಸಿ ಅಂಗಡಿಯಲ್ಲಿ ಮಾರ್ಲೀನಳಿಗೆ ಎದುರಾದಳು. ಪಟ್ಟಣದ ಆಸ್ಪತ್ರೆಯಲ್ಲಿ ರೋಗಿ ತೀರಿಕೊಂಡರೆ ಅವನ ಹೆಂಡತಿಯನ್ನು ಮತ್ತೆ ನೋಡಬೇಕಾಗಿಲ್ಲ. ಇಲ್ಲಿ ಹಾಗಲ್ಲ, ಬ್ರೆಡ್ಡಿಗೆ ಹೋದರೂ ಅವರೇ, ಪೆಟ್ರೋಲಿಗೆ ಹೋದರೂ ಅವರೇ. ಮಾರ್ಲೀನ್ ಅವಳನ್ನು ತಬ್ಬಿಕೊಂಡು, ನೀನು ಬಹಳ ಮಾಡಿದೆ ಮಗಳೇ ಎಂದಳಂತೆ. ಬೈದಿದ್ದರೆ ಕಲ್ಲಿ ತಡೆದುಕೊಳ್ಳುತ್ತಿದ್ದಳೇನೋ. ಕೈಯಲ್ಲಿದ್ದ ಬುಟ್ಟಿ ಅಲ್ಲೇ ಇಟ್ಟು ಮನೆಗೆ ಹೋಗಿ ಸಾಮಾನು ಕಟ್ಟತೊಡಗಿದಳು.

ಹಾಸಿಗೆಯ ಬಟ್ಟೆ ಬದಲಿಸಲು ಹೋದ ಡೆಲ್ವಿನ್ ಮಂಚದ ಪಕ್ಕ ಪೆಟ್ಟಿಗೆ ನೋಡಿದಳು. ಮುಂದೆ ನಡೆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಮಾತು ಹೆಚ್ಚುಕಡಿಮೆ ಒಂದೇ.

"ಹೊರಟ್ಯಾ?" ಎಂದು ಡೆಲ್ವಿನ್ ಕೇಳಿದಳು.

"ಹೂಂ. ನನ್ನ ಕೈಲಾಗಲ್ಲ. ಅಮ್ಮನಿಗೆ ಹೇಳಿದೆ, ಬಾ ಅಂದ್ರು. ನನ್ನ ರೂಮು ಹಾಗೇ ಇದೆಯಂತೆ."

ಆ ಕ್ಷಣ ತನಗೆ ಆದದ್ದು ಸಂತೋಷವೇ ಎಂದು ಡೆಲ್ವಿನ್ ಒಪ್ಪಿಕೊಳ್ಳುತ್ತಾಳೆ. ಹಾಸಿಗೆಯ ಬಟ್ಟೆ ಎಳೆದು ಮುದ್ದೆ ಮಾಡಿದಳು, ದಿಂಬಿನ ಚೀಲ ಬಿಚ್ಚಿದಳು. ಬರಿಯ ಹಾಸಿಗೆ ಉಳಿಯಿತು. ಅದರ ಅಂಚಿನಲ್ಲಿ ಕೂತುಬಿಟ್ಟಳು. ಬೇಕರಿಯ ಟ್ರೇಗಳು, ರೈಲು ಹೋದಾಗ ಅದುರುವ ಗೋಡೆ, ಅಪ್ಪ ಇಸಿದುಕೊಂಡ ಪೆಟ್ಟಿಗೆ, ಎಲ್ಲ ಒಟ್ಟಿಗೆ ಬಂದವಂತೆ.

"ನಿನ್ನ ಕಂಡ್ರೆ ನಂಗೆ ಆಗಲ್ಲ," ಎಂದಳು.

"ಗೊತ್ತು," ಎಂದಳು ಕಲ್ಲಿ. "ಸೌದೆ."

"ಗೊತ್ತಿದ್ರೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಊರೆಲ್ಲ ನಂಗೆ ಒಳ್ಳೇದೇ ಮಾಡತ್ತೆ. ಯಾವಾಗ್ಲೂ ನಗ್ತಾನೇ ಇರ್ಬೇಕು, ಥ್ಯಾಂಕ್ಸ್ ಹೇಳ್ತಾನೇ ಇರ್ಬೇಕು. ನಿಮ್ಮ ಹತ್ರ ಒಬ್ರ ಹತ್ರಾನೇ ಆ ಕಷ್ಟ ಇರ್ಲಿಲ್ಲ."

ಡೆಲ್ವಿನ್ ತಾನು ಹದಿನೆಂಟಕ್ಕೆ ಅಡಿಲೇಡಿಗೆ ಹೋಗಿ ಬಂದದ್ದನ್ನು ಹೇಳಿದಳು. ಟ್ಯಾಮ್ಸಿನ್‌ಗೂ ಅಷ್ಟು ವಿವರವಾಗಿ ಹೇಳಿರಲಿಲ್ಲ. ಆಮೇಲೆ ಎಂದಳು:

"ನೀನು ಹೋದ್ರೆ ನಂಗೆ ಖುಷಿ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಈ ಮನೆ ನಂಗೆ ಸಿಕ್ಕಿದ್ರೆ, ಆ ಫೋನಿನ ಹೆಂಗ್ಸು ವಾರಕ್ಕೆ ಒಂದು ಸಲ ನನ್ನ ಜೊತೆ ಮಾತಾಡಿದ್ರೆ, ಇವತ್ತು ನಾನು ಹಿಲ್ಡಾ ಅಜ್ಜಿಗೆ ಇಂಜೆಕ್ಷನ್ ಕೊಡ್ತಿದ್ದೆ, ಬರೀ ತಲೆ ಬಾಚ್ತಿರ್ಲಿಲ್ಲ. ನಂಗೆ ಒಂದೂ ಸಿಗಲಿಲ್ಲ. ನಿಂಗೆ ಎಲ್ಲಾ ಸಿಕ್ಕಿದೆ. ಇಷ್ಟು ಸಿಕ್ಕಿದ್ದನ್ನ ನನ್ನ ಕಣ್ಣೆದುರಿಗೆ ಬಿಸಾಕಿ ಹೋಗ್ತೀಯಲ್ಲ, ಅದನ್ನ ಮಾತ್ರ ನಾನು ಸಾಯೋವರೆಗೂ ಕ್ಷಮಿಸಲ್ಲ."

ಫೋನಿನ ಹೆಂಗಸು ಒಳ್ಳೆಯವಳೇ, ಆದರೆ ಅವಳಿಗೆ ರೆಕ್ಸ್ ಯಾರೆಂದು ಗೊತ್ತಿಲ್ಲ ಎಂದಳು ಕಲ್ಲಿ.

"ನಂಗೆ ಗೊತ್ತು," ಎಂದಳು ಡೆಲ್ವಿನ್.

ರೆಕ್ಸನ ವಿಷಯ ಮಾತಾಡಿದರು. ಶಾಲೆಯಲ್ಲಿ ಅವನು ಡೆಲ್ವಿನ್‌ಳ ಜಡೆಯನ್ನು ಕುರ್ಚಿಗೆ ಕಟ್ಟಿದ್ದು. ಮಾರ್ಲೀನಳನ್ನು ಕೇಳಲು ಧೈರ್ಯವಿಲ್ಲದೆ ಅವಳ ನಾಯಿಗೆ ಬಿಸ್ಕತ್ತು ತರುತ್ತಿದ್ದದ್ದು. ಕೊನೆಗೆ ಅವನ ಮೈ ತೊಳೆಯುವಾಗ ಅಂಗಿಯೊಳಗಿನ ಚರ್ಮ ಮಗುವಿನದರಷ್ಟು ಬೆಳ್ಳಗಿದ್ದದ್ದು, ಪಕ್ಕೆಲುಬು ಮುರಿದಿದ್ದದ್ದು. ಪಕ್ಕೆಲುಬಿನ ಮಾತು ಬಂದಾಗ ಕಲ್ಲಿ ಮುಖ ಮುಚ್ಚಿಕೊಂಡಳು. ಮುರಿಯುವಷ್ಟು ಒತ್ತಿದ್ದು ಸರಿಯಾಗಿಯೇ ಇತ್ತು ಎಂದು ಡ್ಯೂಟಿಯಲ್ಲಿದ್ದ ದೊಡ್ಡ ನರ್ಸ್ ಹೇಳಿದ್ದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಅವಳು ಜೋರಾಗಿ ಅತ್ತಳು. ಡೆಲ್ವಿನ್ ಅವಳನ್ನು ತಬ್ಬಿಕೊಳ್ಳಲಿಲ್ಲ. ಅಳು ಮುಗಿಯುವವರೆಗೆ ಕಾದು, ಕಪಾಟಿನಿಂದ ಒಗೆದ ಬಟ್ಟೆ ತೆಗೆದು, "ಆ ಮೂಲೆ ಹಿಡ್ಕೋ," ಎಂದಳು. ಇಬ್ಬರೂ ಸೇರಿ ಹಾಸಿಗೆ ಹಾಸಿದರು.

ಕಲ್ಲಿ ವರ್ಷ ಮುಗಿಸಿದಳು. ಅಲ್ಲಿಂದ ಅವರಿಬ್ಬರೂ ಗೆಳತಿಯರಾದರು ಎಂದು ಬರೆದರೆ ತಪ್ಪಾದೀತು. ಡಿಸೆಂಬರಿನಲ್ಲಿ ಊರ ಸಭಾಭವನದಲ್ಲಿ ಹುಡುಗಿಗೆ ಬೀಳ್ಕೊಡುಗೆ ನಡೆದಾಗ, ಮಾರ್ಲೀನ್ ಅವಳಿಗಾಗಿ ಮಾಡಿ ತಂದ ಪ್ಯಾವ್ಲೋವಾ ಕೇಕನ್ನು ನೋಡಿ ಡೆಲ್ವಿನ್, ತನ್ನ ಹುಟ್ಟಿದ ಹಬ್ಬಕ್ಕೆ ಮಾಡಿದ್ದು ಇದರ ಅರ್ಧವೂ ಇರಲಿಲ್ಲ ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಹಿಲ್ಡಾ ಅಜ್ಜಿ ಮತ್ತೆ ಅವಳ ಕೈಗೇ ತಲೆ ಕೊಟ್ಟಳು. ಆದರೆ ಅಜ್ಜಿ ಬಾಯಿ ತಪ್ಪಿ ಅವಳನ್ನು ಕಲ್ಲಿ ಎಂದೇ ಕರೆಯುತ್ತಿದ್ದಳು.

ಟ್ಯಾಮ್ಸಿನ್‌ಗೆ ಅಡಿಲೇಡಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಎಲ್ಲಿ ಉಳಿಯುವುದು ಎಂಬ ಮಾತು ಬರುವ ಮೊದಲೇ ಕಲ್ಲಿಯ ತಾಯಿ ಸ್ಟಮಾಟಿಯಾ ಫೋನು ಮಾಡಿ, ಅಂಗಡಿಯ ಮೇಲಿನ ಕೋಣೆ ಖಾಲಿ ಇದೆ, ಹುಡುಗಿ ನಮ್ಮಲ್ಲೇ ಇರಲಿ, ಬೇರೆ ಮಾತು ಬೇಡ ಎಂದಳು. ನನ್ನ ಮಗಳನ್ನು ಒಂದು ವರ್ಷ ನೀವು ನೋಡಿಕೊಂಡಿರಿ ಎಂದೂ ಹೇಳಿದಳಂತೆ. ಡೆಲ್ವಿನ್ ಫೋನು ಹಿಡಿದುಕೊಂಡೇ ಕೆಂಪಾದಳು ಎಂದು ಕ್ಲೆಮ್ ಹೇಳುತ್ತಾನೆ.

ಗಂಡ ಹೆಂಡತಿ ಇಬ್ಬರೂ ಮಗಳನ್ನು ಬಿಟ್ಟು ಬಂದರು. ಮರುದಿನ ಡೆಲ್ವಿನ್ ನನ್ನ ಕೌಂಟರಿನ ಮುಂದೆ ಹಾಜರಾದಳು.

"ನಾನು ಅಲ್ಲೇ ಕೂತಿದೀನಿ. ನನ್ನ ಮಗಳ ತಟ್ಟೆಗೆ ಅವಳು ಬಡಿಸ್ತಾಳೆ. ಸಾಕು ಅಂದ್ರೂ ಬಡಿಸ್ತಾಳೆ. 'ನಮ್ಮ ಹುಡುಗಿ' ಅಂತಾಳೆ. ಬಂದು ಒಂದು ದಿನ ಆಗಿಲ್ಲ, ನಮ್ಮ ಹುಡುಗಿಯಂತೆ."

ಹಾಗಿದ್ದರೆ ಬೇರೆ ಕಡೆ ಕೋಣೆ ನೋಡಬಹುದಿತ್ತಲ್ಲ ಎಂದೆ.

"ಬೇಡ," ಎಂದಳು ತಕ್ಷಣ. "ಅಲ್ಲೇ ಇರ್ಲಿ."

ಈಗ ಭಾನುವಾರ ಭಾನುವಾರ ಟ್ಯಾಮ್ಸಿನ್ ಫೋನು ಮಾಡುತ್ತಾಳೆ. ಪಾಠ ಚೆನ್ನಾಗಿ ನಡೆದಿದೆ, ಮೈ ಸ್ವಲ್ಪ ಬಂದಿದೆ, ತರಗತಿಯಲ್ಲಿ ನಿದ್ದೆ ಬರುವುದಿಲ್ಲ. ಮೊನ್ನೆ ಚಳಿ ಶುರುವಾದಾಗ, ಹೊದೆಯಲು ಸಾಕಾಗುತ್ತದೆಯೇ ಎಂದು ಡೆಲ್ವಿನ್ ಕೇಳಿದಳು. ಸ್ಟಮಾಟಿಯಾ ಆಂಟಿ ಇನ್ನೊಂದು ಕಂಬಳಿ ಕೊಟ್ಟಿದ್ದಾರೆ, ತುಂಬ ಬೆಚ್ಚಗಿದೆ ಎಂದಳು ಮಗಳು. ಒಳ್ಳೆಯದಾಯಿತು ಎಂದು ಡೆಲ್ವಿನ್ ಫೋನನ್ನು ಕ್ಲೆಮ್‌ನ ಕೈಗೆ ಕೊಟ್ಟಳು. ಸೋಮವಾರ ಬೆಳಿಗ್ಗೆ ಅಂಚೆ ಕಚೇರಿ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ನಿಂತಿದ್ದನ್ನು ನಾನು ಅಂಗಡಿಯಿಂದ ನೋಡಿದೆ. ತೋಳಿನಲ್ಲಿ ತನ್ನ ಅಪ್ಪನ ಕುರಿಗಳ ಉಣ್ಣೆಯಿಂದ ಮಾಡಿಸಿದ್ದ, ಎರಡೂ ಕೈಯಲ್ಲಿ ಕಷ್ಟಪಟ್ಟು ತಬ್ಬಬೇಕಾದಷ್ಟು ದಪ್ಪದ ಹೊದಿಕೆಯ ಕಟ್ಟು ಇತ್ತು.